ಬೆಟ್ಟದ ಬುಡದಲ್ಲಿರುವವರೂ ಓದುತ್ತಾರೆ

ಚಾರಣದ ಬಗ್ಗೆ, ತಿರುಗಾಟದ ಬಗ್ಗೆ ಪತ್ರಿಕೆಗೆ ಬರೆಯಬೇಕು ಅಂತ ಆಸೆ ಇರುವ ಹುಡುಗ ಹುಡುಗಿಯರು ಆಗಾಗ ಮೆಸೇಜ್ ಮಾಡುತ್ತಾರೆ. 'ಅಕ್ಕಾ, ಯಾವ ಪತ್ರಿಕೆಗೆ ಕಳಿಸಬೇಕು? ಯಾರನ್ನು ಹಿಡಿಯಬೇಕು?' ಯಾರನ್ನೂ ಹಿಡಿಯಬೇಕಿಲ್ಲ. ಪುರವಣಿಗಳು, ವಾರಪತ್ರಿಕೆಗಳು ಹವ್ಯಾಸಿ ಬರಹಗಾರರಿಗೆ ಯಾವತ್ತೂ ಬಾಗಿಲು ಹಾಕಿಲ್ಲ. ಬರಹ ಕಳಿಸುವ ವಿಳಾಸವನ್ನು ಅವರೇ ಅಚ್ಚು ಹಾಕಿರುತ್ತಾರೆ. ನಾನು ಬಂದದ್ದೂ ಆ ಬಾಗಿಲಿನಿಂದಲೇ. ಆದರೆ ಬಾಗಿಲಿಗಿಂತ ಮುಖ್ಯವಾದ ಒಂದು ಮಾತಿದೆ. ಕನ್ನಡದಲ್ಲಿ ಬರೆದಾಗ, ನೀವು ಹೋಗಿ ಬಂದ ಊರಿನವರೇ ನಿಮ್ಮ ಬರಹ ಓದುತ್ತಾರೆ.

ಯಾಣದ ಬಗ್ಗೆ ಇಂಗ್ಲಿಷಿನಲ್ಲಿ ಬರೆದರೆ ಓದುವವರು ಪುಣೆಯಲ್ಲೋ ದೆಹಲಿಯಲ್ಲೋ ಇರಬಹುದು. ಕನ್ನಡದಲ್ಲಿ ಬರೆದರೆ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಓದುತ್ತಾರೆ. ಕುಮಟಾದ ಕಟಿಂಗ್ ಶಾಪಿನಲ್ಲಿ ಓದುತ್ತಾರೆ. ನೀವು ನೀರು ಕೇಳಿ ಕುಡಿದ ಮನೆಯ ಜಗಲಿಯಲ್ಲೂ ಓದುತ್ತಾರೆ. ದಿನಾ ಬೆಳಗಾದರೆ ಆ ಬೆಟ್ಟ ನೋಡುವವರಿಗೆ 'ಪ್ರಕೃತಿಯ ಮಡಿಲು', 'ಹಸಿರು ಹೊದ್ದ ಗಿರಿಶಿಖರ' ಅಂತ ಬರೆದು ಏನು ಹೇಳಿದ ಹಾಗಾಯಿತು? ಬರೆಯುವಾಗ ಅವರು ಪಕ್ಕದಲ್ಲೇ ಕೂತಿದ್ದಾರೆ ಅಂದುಕೊಂಡರೆ ಸಾಕು, ಅರ್ಧ ಸಾಲುಗಳು ತಾವಾಗಿಯೇ ಉದುರಿ ಹೋಗುತ್ತವೆ.

ಯಾಣದ ಲೇಖನಗಳನ್ನೇ ನೋಡಿ. ಹತ್ತರಲ್ಲಿ ಒಂಬತ್ತು ಒಂದೇ ಥರ ಇರುತ್ತವೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಭಸ್ಮಾಸುರನ ಕಥೆ, ಕೊನೆಗೆ 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಅನ್ನುವ ಗಾದೆ. ನನ್ನ ಮೊದಲ ಅಚ್ಚಾದ ಬರಹವೂ ಯಾಣದ್ದೇ. ಆದರೆ ನಾನು ಆ ಗಾದೆಯಿಂದ ಶುರು ಮಾಡಿದೆ. ಹತ್ತಿರದವರೆಗೂ ಡಾಂಬರು ರಸ್ತೆ ಇರುವ ಈ ಕಾಲದಲ್ಲಿ ಯಾಣಕ್ಕೆ ಹೋಗಲು ಸೊಕ್ಕು ಯಾಕೆ ಬೇಕು? ಹಿಂದೆ ಶಿವರಾತ್ರಿ ಜಾತ್ರೆಗೆ ಕಾಡುದಾರಿಯಲ್ಲಿ ನಡೆದೇ ಹೋಗುತ್ತಿದ್ದ ಹಿರಿಯರನ್ನು ಹುಡುಕಿ ಮಾತನಾಡಿಸಿದೆ. ಬುತ್ತಿಗೆ ಏನು ಕಟ್ಟಿಕೊಳ್ಳುತ್ತಿದ್ದರು, ಹಳ್ಳ ಎಲ್ಲಿ ದಾಟುತ್ತಿದ್ದರು, ಕತ್ತಲಾದರೆ ಯಾರ ಮನೆಯಲ್ಲಿ ಉಳಿಯುತ್ತಿದ್ದರು ಅಂತೆಲ್ಲ ಕೇಳಿದೆ. ಆಮೇಲೆ ಅವರು ಹೇಳಿದ ದಾರಿ ಹಿಡಿದು ನಡೆದೆ. ಎಲ್ಲರಿಗೂ ಗೊತ್ತಿರುವ ಜಾಗವೇ, ಕೇಳಿದ ಪ್ರಶ್ನೆ ಮಾತ್ರ ಬೇರೆ. ಪುರವಣಿಯವರು ಅದನ್ನು ತೆಗೆದುಕೊಂಡರು.

ಅದು ಅಚ್ಚಾದ ವಾರವೇ ಆ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಫೋನ್ ಮಾಡಿದರು. ಬರಹದ ಬಗ್ಗೆ ಎರಡು ಒಳ್ಳೆಯ ಮಾತು ಹೇಳಿ, 'ತಂಗೀ, ಆ ಹಳೇ ದಾರಿ ಪಕ್ಕ ನಮ್ಮ ಸೊಪ್ಪಿನ ಬೆಟ್ಟ ಐತೆ. ಅದರ ಕಥೆ ಯಾರೂ ಬರೆಯೂದಿಲ್ಲ. ಒಂದ್ಸಲ ಬಾ, ತೋರಿಸ್ತೆ' ಅಂದರು. ಹೋದೆ.

ದೂರದಿಂದ ನೋಡಿದರೆ ಕಾಡು. ಹತ್ತಿರ ಹೋದರೆ ಮರಗಳ ಆಕಾರವೇ ಬೇರೆ. ಕೆಳಗಿನ ಕೊಂಬೆಗಳನ್ನೆಲ್ಲ ಸವರಿ, ತುದಿಯಲ್ಲಿ ಒಂದು ಕುಚ್ಚು ಮಾತ್ರ ಬಿಟ್ಟಿರುತ್ತಾರೆ. ಕಾಂಡದ ತುಂಬ ಹಳೆ ಕತ್ತಿಯ ಗಾಯ ಮಾಗಿದ ಗಂಟುಗಳು. ಇಲ್ಲಿ ಕಡಿದ ಸೊಪ್ಪು, ಗುಡಿಸಿದ ದರಕು (ಉದುರಿದ ಒಣ ಎಲೆ) ಕೊಟ್ಟಿಗೆಗೆ ಹೋಗುತ್ತದೆ. ದನಗಳ ಕಾಲಡಿಯಲ್ಲಿ ಕೊಳೆತು ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಹೀಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದ್ದು. ನೆಲ ಸರ್ಕಾರದ್ದು, ಸೊಪ್ಪು ತರುವ ಹಕ್ಕು ತೋಟದವರದ್ದು. ಆ ದಾರಿಯಲ್ಲಿ ಚಾರಣಕ್ಕೆ ಹೋಗುವ ಎಷ್ಟು ಜನರಿಗೆ ಇದು ಗೊತ್ತಿದೆ ಹೇಳಿ? ಆ ಬೆಳೆಗಾರರು ಒಂದು ಮರದ ಗಂಟಿನ ಮೇಲೆ ಕೈ ಇಟ್ಟು, ಇದನ್ನು ಅಪ್ಪ ಸವರಿದ್ದು, ಅದರ ಮೇಲಿನದನ್ನು ನಾನು ಸವರಿದ್ದು ಅಂತ ತೋರಿಸಿದರು. ಆ ಒಂದು ಸಂಜೆಯಿಂದ ವಾರಪತ್ರಿಕೆಗೆ ದೊಡ್ಡ ಲೇಖನವೇ ಹುಟ್ಟಿತು. ಅದಾದ ಮೇಲೆ ಸಂಪಾದಕರೇ ಫೋನ್ ಮಾಡಿ 'ಮುಂದೇನು ಬರೀತೀರಿ?' ಅಂತ ಕೇಳುವಂತಾಯಿತು. ನಾನು ಬರಹಗಾರ್ತಿ ಆದದ್ದು ಅವತ್ತು ಫೋನ್ ಮಾಡಿದ ಆ ಅಡಿಕೆ ಬೆಳೆಗಾರರಿಂದ ಅಂತ ಎದೆ ತಟ್ಟಿ ಹೇಳುತ್ತೇನೆ.

ಇಂಥ ಬರಹಕ್ಕೆ ಪ್ರವಾಸದ ಪುಟ ಒಂದೇ ಅಲ್ಲ, ಬೇರೆ ಜಾಗಗಳೂ ಇವೆ. ಪುತ್ತೂರಿನಿಂದ 1988ರಿಂದ ಬರುತ್ತಿರುವ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟು ಬೆಳೆದದ್ದು. ಆಕಾಶವಾಣಿಯ ಧಾರವಾಡ, ಭದ್ರಾವತಿ, ಮಂಗಳೂರು ಕೇಂದ್ರಗಳಿವೆ. ತಿರುಗಾಡುವವರು ಇವನ್ನೆಲ್ಲ ಮರೆತೇ ಬಿಡುತ್ತಾರೆ.

ಇನ್ನು ಕೆಲಸದ ಮಾತು, ಬೇಗ ಹೇಳಿಬಿಡುತ್ತೇನೆ. ಬರಹವನ್ನು 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಕಳಿಸಬೇಕೋ ಯೂನಿಕೋಡಿನಲ್ಲೋ ಅಂತ ಮೊದಲೇ ಕೇಳಿಕೊಳ್ಳಿ. ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು ಹಾಳಾಗುತ್ತವೆ, ಇನ್ನೊಮ್ಮೆ ಓದಿ. ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಕಳಿಸಿದರೆ ಗಾತ್ರ ಕುಗ್ಗಿ ಅಚ್ಚಿಗೆ ಬರುವುದಿಲ್ಲ, ಮೂಲ ಫೈಲನ್ನೇ ಮೇಲ್ ಮಾಡಿ. ಪ್ರತಿ ಫೋಟೊಗೂ ಒಂದು ಸಾಲು ವಿವರ ಬರೆಯಿರಿ. ಮಳೆಗಾಲದ ಜಲಪಾತದ ಬರಹವನ್ನು ಆಗಸ್ಟ್ ಕೊನೆಗೆ ಕಳಿಸಿದರೆ ಯಾರೂ ಏನೂ ಮಾಡಲಾರರು. ಅದು ಮೇ ತಿಂಗಳಲ್ಲೇ ಅವರ ಕೈಯಲ್ಲಿರಬೇಕು. ಹಿಂದಿನ ವರ್ಷದ ಮಳೆಯಲ್ಲಿ ನೆನೆದು ಬರೆದಿಟ್ಟುಕೊಂಡದ್ದು ಆಗ ಉಪಯೋಗಕ್ಕೆ ಬರುತ್ತದೆ.

ದುಡ್ಡಿನ ಮಾತನ್ನು ಮುಚ್ಚಿಡುವುದಿಲ್ಲ. ಬರುವ ಸಂಭಾವನೆ ಬಸ್ ಚಾರ್ಜು, ಊಟ, ಅರಣ್ಯ ಇಲಾಖೆಯ ಶುಲ್ಕಕ್ಕೇ ಮುಗಿದು ಹೋಗುತ್ತದೆ. ಎಷ್ಟೋ ಸಲ ಅಷ್ಟೂ ಬರುವುದಿಲ್ಲ. ಹಾಗಾಗಿ ಕೈಯಲ್ಲಿರುವ ಕೆಲಸ ಬಿಡಬೇಡಿ. ಹಾಗಂತ ಕೇಳದೇ ಸುಮ್ಮನಿರಲೂಬೇಡಿ. ಒಂದು ಪ್ರವಾಸ ಕಂಪನಿ ನನ್ನ ಫೋಟೊವನ್ನು ಹೇಳದೆ ಕೇಳದೆ ಜಾಹೀರಾತಿಗೆ ಹಾಕಿಕೊಂಡಿತ್ತು. ಪ್ರಶ್ನಿಸಿದ್ದಕ್ಕೆ 'ನಿಮಗೂ ಪ್ರಚಾರ ಸಿಗುತ್ತಲ್ಲ ಮೇಡಂ' ಅಂದರು. ಬಿಸಿಲಲ್ಲಿ ನಡೆದವರ ದುಡಿಮೆಗೆ ಬೆಲೆ ಇಲ್ಲವಾ? ಕೊನೆಗೆ ದುಡ್ಡು ಕೊಟ್ಟರು. ನೀವೂ ಕೇಳಿ.

ನನ್ನನ್ನು ಈಗ ಜಾಸ್ತಿ ಕಾಡುವುದು ಬೇರೆಯದೇ ವಿಷಯ. ನಾವು ಬರೆದರೆ ಜನ ಹೋಗುತ್ತಾರೆ. 2022ರಲ್ಲಿ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಕುರಿಂಜಿ ಅರಳಿದಾಗ ಎಷ್ಟು ಜನ ಗಿಡಗಳ ನಡುವೆ ನುಗ್ಗಿದರು, ಎಷ್ಟು ಹೂ ಕಿತ್ತರು! ಆ ಗಿಡ ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ, ಸಾಯುತ್ತದೆ. ಹೂ ಕಿತ್ತರೆ ಬೀಜ ಎಲ್ಲಿಂದ ಬರಬೇಕು? 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ಫೋಟೊ ನೀವೂ ನೋಡಿರಬೇಕು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಒಳ್ಳೆಯದೇ ಆಯಿತು ಅನ್ನುವವಳು ನಾನು. 'ಯಾರೂ ನೋಡಿರದ ಸ್ವರ್ಗ' ಅಂತ ಶೀರ್ಷಿಕೆ ಕೊಟ್ಟು, ಕೆಳಗೆ ದಾರಿಯನ್ನೂ ಬರೆಯುವುದು ಆ ಊರಿನವರಿಗೆ ಮಾಡುವ ದ್ರೋಹ. ಪ್ಲಾಸ್ಟಿಕ್ ಬಾಟಲಿ ಹೆಕ್ಕುವವರು ಅವರೇ ಅಲ್ವಾ?

ಅದಕ್ಕೇ ಈಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಬರೆಯುವ ಮೊದಲು ಆ ಊರಿನ ಇಬ್ಬರು ಮೂವರನ್ನು ಕೇಳುತ್ತೇನೆ. ಬರೆಯಲಾ, ದಾರಿ ಹೇಳಲಾ, ಯಾವ ತಿಂಗಳು ಜನ ಬಂದರೆ ನಿಮಗೆ ತೊಂದರೆ? 'ದಾರಿ ಬೇಡ' ಅಂದರೆ ಬರೆಯುವುದಿಲ್ಲ. ದಾರಿ ಇಲ್ಲದ ಬರಹ ಬೇಡ ಅಂದ ಸಂಪಾದಕರೂ ಇದ್ದಾರೆ, ಅಂಥ ಕಡೆ ವಾಪಸ್ ತೆಗೆದುಕೊಂಡಿದ್ದೇನೆ. ಅದೇ ಬರಹವನ್ನು ಬೇರೆಯವರು ಖುಷಿಯಿಂದ ಹಾಕಿದ್ದಾರೆ.

ನಿಮ್ಮ ಊರಿನ ಗುಡ್ಡ, ಹಳ್ಳ, ಕಾಲುದಾರಿಯ ಬಗ್ಗೆ ಬರೆದಿಟ್ಟುಕೊಂಡು, ಎಲ್ಲಿಗೆ ಕಳಿಸುವುದು ಅಂತ ಗೊತ್ತಾಗದೆ ಕೂತಿದ್ದರೆ ನನ್ನ ಇನ್‌ಬಾಕ್ಸಿಗೆ ಹಾಕಿ. ಓದಿ, ಯಾವ ಪುಟಕ್ಕೆ ಹೊಂದುತ್ತದೆ ಅಂತ ಹೇಳುತ್ತೇನೆ. ಊರಲ್ಲೇ ಇದ್ದು ಬರೆಯುವವರಿದ್ದರೆ ಮೊದಲು ನಿಮ್ಮದನ್ನೇ ಓದುತ್ತೇನೆ.