ಇಲಿ ಸತ್ತಿಲ್ಲ, ಅತ್ತೆ!

ಚಕ್ರವಿರುವ ಮನೆಯ ದೊಡ್ಡ ಸೌಕರ್ಯವೆಂದರೆ ಬೇಡವೆನಿಸಿದ ಜಾಗದಿಂದ ಮನೆಯ ಸಮೇತ ಎದ್ದು ಹೋಗಬಹುದು. ಪಕ್ಕದವರ ನಾಯಿ ರಾತ್ರಿಯಿಡೀ ಬೊಗಳಿತೇ, ಸೊಳ್ಳೆ ವಿಪರೀತವಾಯಿತೇ, ಕೀಲಿ ತಿರುಗಿಸಿದರೆ ಮುಗಿಯಿತು. ಈ ಸೌಕರ್ಯ ಪೂರ್ತಿ ಕೈಕೊಡುವುದು ಅದೇ ಮನೆಯ ತಳದಲ್ಲಿ ಕೂತಿರುವ, ಒಲೆ ಉರಿಸುವ ಪ್ರೊಪೇನ್ ಗ್ಯಾಸಿನ ಟ್ಯಾಂಕ್ ಸೋರತೊಡಗಿದಾಗ. ಆಗ ಎಂಜಿನ್ ಚಾಲೂ ಮಾಡುವಂತಿಲ್ಲ. ಓಡಿಹೋಗಲೇಬೇಕಾದ ಹೊತ್ತಿನಲ್ಲಿ, ಓಡುವ ಮನೆಯನ್ನು ಅಲ್ಲೇ ಬಿಟ್ಟು ಕಾಲ್ನಡಿಗೆಯಲ್ಲಿ ಓಡಬೇಕು.

ನಮ್ಮ ಮೋಟಾರ್‌ಹೋಮ್‌ನಲ್ಲಿ ವಾಸನೆಯನ್ನು ಮೊದಲು ಹಿಡಿದವರು ಅತ್ತೆ. ಅಂದು ಮಧ್ಯಾಹ್ನವಷ್ಟೇ ದಾರಿಯಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬಂದು, ಸಂಜೆ ಇಂಥ ವಾಹನಗಳೇ ಸಾಲಾಗಿ ತಂಗುವ ಬಯಲಿನಲ್ಲಿ ನಿಲ್ಲಿಸಿದ್ದೆವು. ಅತ್ತೆ ಕಿಟಕಿಯ ಪಕ್ಕ ಕೂತವರು ಮೂಗು ಮೇಲೆತ್ತಿ ಒಂದು ಸುತ್ತು ನೋಡಿದರು.

“ಅಳಿಯಂದಿರೇ, ಇಲ್ಲೆಲ್ಲೋ ಇಲಿ ಸತ್ತಿದೆ.”

ಇಲಿಯ ಶೋಧ ಶುರುವಾಯಿತು. ಮೋಟಾರ್‌ಹೋಮ್ ಕಟ್ಟುವವರಿಗೆ ಒಂದಂಗುಲ ಜಾಗ ಸಿಕ್ಕಿದರೂ ಅಲ್ಲೊಂದು ಕಪಾಟು ಇಡುವ ಚಟ. ಮಂಚದ ಕೆಳಗೆ ಕಪಾಟು, ಕಪಾಟಿನ ಹಿಂದೆ ಕಪಾಟು, ಮೆಟ್ಟಿಲಿನ ಹೊಟ್ಟೆಯಲ್ಲಿ ಡ್ರಾಯರು. ಕಳೆದುಹೋಗಿದೆಯೆಂದು ಕೈಬಿಟ್ಟಿದ್ದ ನನ್ನ ಕನ್ನಡಕ ಸಿಕ್ಕಿತು, ಜೋಡಿ ತಪ್ಪಿದ ಕಾಲುಚೀಲಗಳು ಸಿಕ್ಕವು. ಇಲಿ ಮಾತ್ರ ಸಿಗಲಿಲ್ಲ. ಅಷ್ಟರಲ್ಲಿ ನನಗೆ ವಾಸನೆಯೇ ಹೊಡೆಯದಂತಾಯಿತು. “ಹೋಯಿತಲ್ಲ” ಎಂದೆ. “ಹೋಗಿಲ್ಲ, ನಿಮ್ಮ ಮೂಗು ಸೋತಿದೆ” ಎಂದರು ಅತ್ತೆ. ಅವರ ಮಾತಿಗೆ ವಿಜ್ಞಾನದ ಬೆಂಬಲವೂ ಇದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಗ್ಯಾಸ್ ಸೋರುವಾಗ ಇದು ಬಹಳ ಕೆಟ್ಟ ಗುಣ.

“ರೀ, ಗ್ಯಾಸ್ ಇರಬಹುದೇ?” ಎಂದಳು ಹೆಂಡತಿ. ಮರುಕ್ಷಣವೇ ತಾನೇ ಉತ್ತರವನ್ನೂ ಕೊಟ್ಟುಕೊಂಡಳು: “ಗ್ಯಾಸ್ ಆಗಿದ್ದರೆ ಅಲಾರಂ ಕೂಗುತ್ತಿತ್ತು.”

ಈ ಅಲಾರಂ ಬಗ್ಗೆ ಎರಡು ಮಾತು ಹೇಳಲೇಬೇಕು. ಅದನ್ನು ಕೂರಿಸಿರುವುದು ನೆಲದಿಂದ ಒಂದು ಗೇಣು ಮೇಲೆ, ಎಲ್ಲರ ಕಾಲೂ ತಾಗುವ ಜಾಗದಲ್ಲಿ. ಕಾರಣವಿದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಚೆಲ್ಲಿದ ನೀರಿನಂತೆ ತಗ್ಗು ಹುಡುಕಿಕೊಂಡು ಹರಿದು ಅಲ್ಲೇ ನಿಲ್ಲುತ್ತದೆ. ಮಗಳು ಹೇರ್ ಸ್ಪ್ರೇ ಹೊಡೆದರೆ ಈ ಅಲಾರಂ ಕಿರುಚುತ್ತದೆ. ನಾನು ಸೆಂಟು ಹಾಕಿಕೊಂಡರೆ ಕಿರುಚುತ್ತದೆ. ಬ್ಯಾಟರಿ ಸೊರಗಿದರೆ ನಡುರಾತ್ರಿಯೇ ಆರಿಸಿಕೊಂಡು ಕಿರುಚುತ್ತದೆ. ಇಷ್ಟೆಲ್ಲ ಸುಳ್ಳು ಕೂಗು ಕೂಗಿದ ಯಂತ್ರ, ನಿಜವಾದ ಗ್ಯಾಸ್ ಸೋರುತ್ತಿದ್ದಾಗ ಹಸಿರು ದೀಪ ಹಚ್ಚಿಕೊಂಡು ಸುಮ್ಮನೆ ಕೂತಿತ್ತು. ಅದನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಟ್ಯಾಂಕ್ ಇರುವುದು ಹೊರಗೆ, ವಾಹನದ ಪಕ್ಕೆಯ ಗೂಡಿನಲ್ಲಿ. ಸೋರಿದ್ದು ಒಳಗೆ ನುಗ್ಗದೆ ಕೆಳಗೆ ಇಳಿದುಹೋಗಲೆಂದೇ ಆ ಗೂಡಿನ ತಳದಲ್ಲಿ ಕಿಂಡಿಗಳಿರುತ್ತವೆ. ಅಲಾರಂ ಒಳಗಿನ ಕಾವಲುಗಾರ. ಕಳ್ಳ ಹೊರಗಿದ್ದ.

ತಿರುಗಾಡಲು ಹೋಗಿದ್ದ ಮಗಳು ಬಾಗಿಲಲ್ಲೇ ನಿಂತು, “ಅಪ್ಪಾ, ಹೊರಗೆ ಇನ್ನೂ ಜೋರಾಗಿದೆ” ಎಂದಳು. ಇಳಿದು ಟ್ಯಾಂಕಿನ ಗೂಡಿನ ಹತ್ತಿರ ಬಗ್ಗಿದೆ. ಮೊದಲು ಕೇಳಿಸಿದ್ದು ಸದ್ದು: ಹಲ್ಲಿನ ಸಂದಿಯಿಂದ ಉಸಿರು ಬಿಟ್ಟಷ್ಟು ಸಣ್ಣ “ಸ್ಸ್ಸ್”. ಆಮೇಲೆ ಕಣ್ಣಿಗೆ ಬಿದ್ದದ್ದು, ಗೇಜಿನ ಪಕ್ಕದ ಪುಟ್ಟ ಸ್ಕ್ರೂವಿನ ಬಾಯಲ್ಲಿ ಬೆಳ್ಳಗೆ ಕಟ್ಟಿದ್ದ ಹಿಮದ ಚುಕ್ಕೆ. ಸೆಕೆಯ ಸಂಜೆಯಲ್ಲಿ ಹಿಮ! ದ್ರವ ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹೊರಬಿದ್ದ ಕ್ಷಣದಲ್ಲೇ ಆವಿಯಾಗುತ್ತದೆ, ಆಗುತ್ತಾ ಸುತ್ತಲಿನ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಒಂದು ಲೀಟರ್ ದ್ರವ ಸುಮಾರು 270 ಲೀಟರ್ ಅನಿಲವಾಗುತ್ತದೆ. ಆ ಲೆಕ್ಕ ತಲೆಗೆ ಬಂದ ಮೇಲೆ ಹಿಮದ ಸೌಂದರ್ಯ ಸವಿಯಲು ನಾನು ಅಲ್ಲಿ ನಿಲ್ಲಲಿಲ್ಲ.

“ಎಲ್ಲರೂ ಇಳಿಯಿರಿ! ಯಾವ ಸ್ವಿಚ್ಚನ್ನೂ ಮುಟ್ಟಬೇಡಿ!” ಎಂದು ಕೂಗಿದೆ. ಟ್ಯಾಂಕಿನ ಮುಖ್ಯ ವಾಲ್ವನ್ನು ಬಲಕ್ಕೆ ತಿರುಗಿಸಿ ಮುಚ್ಚಿದೆ. ಒಳಗಿನ ಒಲೆಗೂ ನೀರು ಕಾಯಿಸುವ ಯಂತ್ರಕ್ಕೂ ಗ್ಯಾಸ್ ನಿಂತಿತು. “ಸ್ಸ್ಸ್” ನಿಲ್ಲಲಿಲ್ಲ. ಅಂದರೆ ಸೋರಿಕೆ ಕೊಳವೆಯಲ್ಲಿ ಇರಲಿಲ್ಲ, ವಾಲ್ವಿನ ಹಿಡಿತಕ್ಕೇ ಸಿಗದಂತೆ ಟ್ಯಾಂಕಿನ ಮೈಯಲ್ಲೇ ಇತ್ತು. ಅಲ್ಲಿಗೆ ಮನೆಯ ಯಜಮಾನನ ಅಧಿಕಾರ ಮುಗಿಯುತ್ತದೆ. ಗಾಳಿ ಬೀಸಿ ಬರುವ ದಿಕ್ಕಿನ ದಿಬ್ಬಕ್ಕೆ ಎಲ್ಲರೂ ಹತ್ತಿದೆವು. ಅಲ್ಲಿಂದ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದೆ. ಆಗ ಹೆಂಡತಿಗೆ ಫ್ರಿಜ್ಜಿನ ನೆನಪಾಯಿತು. ನಮ್ಮ ಫ್ರಿಜ್ಜು ಉರಿಯ ಶಾಖದಿಂದ ತಂಪು ಹುಟ್ಟಿಸುವ ಜಾತಿಯದು. ಉರಿ ಆರಿದರೆ ಅದು ಯಾರನ್ನೂ ಕೇಳದೆ, ತಾನೇ ಚಟಚಟ ಕಿಡಿ ಹಾರಿಸಿ ಮತ್ತೆ ಹೊತ್ತಿಸಲು ನೋಡುತ್ತದೆ. ಇಷ್ಟು ವಿಧೇಯ ಯಂತ್ರವನ್ನು ನಾನು ಅಷ್ಟು ಶಪಿಸಿದ್ದು ಅದೇ ಮೊದಲು. ದಿಬ್ಬದ ಮೇಲೆ ಇನ್ನೊಂದಷ್ಟು ದೂರ ಸರಿದೆವು.

ಗ್ಯಾಸ್ ಸೋರಿದರೆ ಸಹಾಯಕ್ಕಿಂತ ಮೊದಲು ಸಲಹೆ ಬರುತ್ತದೆ. ಅಕ್ಕಪಕ್ಕದ ವಾಹನದವರೆಲ್ಲ ದಿಬ್ಬಕ್ಕೆ ಬಂದರು. ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಹೀಗೆಯೇ ನಾರುತ್ತದೆ ಎಂದರು ಒಬ್ಬರು. ತಳ ಮುಟ್ಟಿದಾಗ ವಾಸನೆ ಜೋರಾಗುವುದು ನಿಜ, ಆದರೆ ನಾವು ತುಂಬಿಸಿ ಸಂಜೆಯೂ ಕಳೆದಿರಲಿಲ್ಲ. ಇನ್ನೊಬ್ಬ ಹಿರಿಯರು, “ನಮ್ಮ ಕಾಲದಲ್ಲಿ ಬೆಂಕಿಕಡ್ಡಿ ಗೀರಿ ಹಿಡಿಯುತ್ತಿದ್ದೆವು. ಎಲ್ಲಿ ಸೋರುತ್ತದೋ ಅಲ್ಲೇ ಹೊತ್ತಿಕೊಳ್ಳುತ್ತಿತ್ತು” ಎಂದು ಜೇಬಿಗೆ ಕೈ ಹಾಕಿದರು. ಅವರ ಕಾಲದವರಲ್ಲಿ ಈ ಕಥೆ ಹೇಳಲು ಉಳಿದಿರುವವರು ಎಷ್ಟು ಮಂದಿಯೋ. ಹೆಂಡತಿ ಅವರ ತೋಳು ಹಿಡಿದು, ಹಿರಿಯರಿಗೆ ಸಲ್ಲಬೇಕಾದ ಗೌರವಕ್ಕೆ ಎಲ್ಲೂ ಕುಂದು ಬಾರದಂತೆ, ದಿಬ್ಬದ ಆಚೆಯ ಬದಿಗೆ ನಡೆಸಿಕೊಂಡು ಹೋದಳು.

ಅತ್ತೆ ಮಾತ್ರ ಇಲಿಯನ್ನು ಬಿಟ್ಟುಕೊಡಲಿಲ್ಲ. “ಗ್ಯಾಸಿಗೆ ಸತ್ತದ್ದರ ವಾಸನೆ ಯಾಕೆ ಬರಬೇಕು?” ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಪ್ರೊಪೇನ್‌ಗೆ ಸ್ವಂತ ವಾಸನೆಯಿಲ್ಲ. ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ನಾತವನ್ನು ಬೇಕೆಂದೇ ಬೆರೆಸುತ್ತಾರೆ. ಗಾಳಿಯಲ್ಲಿ ಪ್ರೊಪೇನ್ ಸುಮಾರು ಶೇಕಡಾ 2 ದಾಟಿದರೆ ಹೊತ್ತಿಕೊಳ್ಳಬಹುದು. ಅದರ ಐದನೇ ಒಂದು ಭಾಗದಷ್ಟಿರುವಾಗಲೇ ಮೂಗಿಗೆ ಬಡಿಯಬೇಕೆಂಬುದು ಬೆರಕೆಯ ಲೆಕ್ಕ. 1937ರ ಮಾರ್ಚಿನಲ್ಲಿ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಯಾರಿಗೂ ತಿಳಿಯದಂತೆ ತುಂಬಿಕೊಂಡು ಸಿಡಿದು, ಮುನ್ನೂರರ ಹತ್ತಿರ ಜನ ಸತ್ತರು, ಹೆಚ್ಚಿನವರು ಮಕ್ಕಳು. ವಾಸನೆ ಬೆರೆಸುವುದನ್ನು ಅಲ್ಲಿ ಕಾನೂನಾಗಿ ಮಾಡಿದ್ದು ಆ ನಂತರ. ಇದನ್ನು ಓದಿದ ದಿನದಿಂದ ನಾನು ಆ ನಾತವನ್ನು ಬೈಯುವುದಿಲ್ಲ.

ಅತ್ತೆಯ ಪರವಾಗಿ ಸಾಕ್ಷಿ ಹೇಳುವ ಹಕ್ಕಿಯೂ ಒಂದಿದೆ. ಕೊಳೆತ ಹೆಣದಿಂದಲೂ ಇದೇ ಮರ್ಕ್ಯಾಪ್ಟನ್ ಹೊಮ್ಮುತ್ತದೆ. ಅಮೆರಿಕದ ಟರ್ಕಿ ರಣಹದ್ದುಗಳು ಅದನ್ನು ಮೂಸಿಯೇ ಆಹಾರ ಹುಡುಕುತ್ತವೆ. ಗ್ಯಾಸ್ ಕೊಳವೆ ಸೋರಿದ ಕಡೆ ಈ ಹದ್ದುಗಳು ಸುತ್ತುವುದನ್ನು ಕ್ಯಾಲಿಫೋರ್ನಿಯಾದ ಕೊಳವೆ ಕೆಲಸಗಾರರು ಗಮನಿಸಿ, ಅವುಗಳನ್ನೇ ಗುರುತಾಗಿ ಬಳಸಿಕೊಂಡಿದ್ದರು. ಪಕ್ಷಿತಜ್ಞ ಕೆನೆತ್ ಸ್ಟೇಗರ್ ಅವರ ಸಂಶೋಧನೆಯಲ್ಲಿ ಇದು ದಾಖಲಾಗಿದೆ. ದಿಬ್ಬದ ಮೇಲೆ ಕೂತು ಇದನ್ನೆಲ್ಲ ವಿವರಿಸಿದೆ. “ಹಾಗಾದರೆ ನನ್ನದು ಹದ್ದಿನ ಮೂಗು ಎನ್ನುತ್ತೀರಿ” ಎಂದರು ಅತ್ತೆ. ವಿವರಣೆ ಅಲ್ಲಿಗೆ ನಿಂತಿತು.

ಅಗ್ನಿಶಾಮಕ ದಳದವರು ಮೀಟರ್ ಹಿಡಿದು ಬಂದರು. ನೆಲದ ಮಟ್ಟದಲ್ಲಿ ಸುತ್ತಲೂ ಅಳೆದು, ಸಣ್ಣ ಸೋರಿಕೆ, ಗಾಳಿ ಚೆನ್ನಾಗಿದೆ, ಆದರೂ ಯಾರೂ ಹತ್ತಿರ ಬರಕೂಡದು ಎಂದರು. ಅವರ ಬೆನ್ನಿಗೇ ಬಂದ ಗ್ಯಾಸ್ ತಂತ್ರಜ್ಞನ ಕೈಯಲ್ಲಿದ್ದದ್ದು ಸಾಬೂನು ನೀರಿನ ಬಾಟಲಿ ಮತ್ತು ಒಂದು ಬ್ರಷ್ಷು. ಇಷ್ಟೆಲ್ಲ ಮೂಗು, ಮೀಟರು, ಅನುಭವಗಳ ನಡುವೆ ಕೊನೆಯ ತೀರ್ಪು ಕೊಡುವುದು ಸಾಬೂನಿನ ಗುಳ್ಳೆ! ಅವನು ಸಂದಿ ಸಂದಿಗೂ ನೊರೆ ಬಳಿದ. ರೆಗ್ಯುಲೇಟರಿನ ಬಳಿ ಏನೂ ಇಲ್ಲ. ವಾಲ್ವಿನ ಬಳಿ ಏನೂ ಇಲ್ಲ. ಪುಟ್ಟ ಸ್ಕ್ರೂವಿಗೆ ಬ್ರಷ್ಷು ತಾಗಿದ್ದೇ ತಡ, ಗುಳ್ಳೆಯೊಂದು ಉಬ್ಬಿ, ಒಡೆದು, ಅದರ ಜಾಗಕ್ಕೆ ಇನ್ನೊಂದು ಬಂತು. ಪಾತ್ರೆ ತೊಳೆಯುವ ಸೋಪು ಆಗುವುದಿಲ್ಲವೇ ಎಂದು ಹೆಂಡತಿ ದೂರದಿಂದಲೇ ಕೇಳಿದಳು. ಆಗುತ್ತದೆ, ಆದರೆ ಅಮೋನಿಯ ಇರುವುದು ಬೇಡ, ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ ಎಂದ.

ಆ ಸ್ಕ್ರೂವಿನ ಕೆಲಸ ಇಷ್ಟೇ. ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕಾದ್ದರಿಂದ ಟ್ಯಾಂಕನ್ನು ಶೇಕಡಾ 80ಕ್ಕಿಂತ ಹೆಚ್ಚು ತುಂಬುವುದಿಲ್ಲ. ತುಂಬುವವನು ಈ ಸ್ಕ್ರೂ ಸಡಿಲಿಸಿಟ್ಟು, ಅದರ ತೂತಿನಿಂದ ಬಿಳಿ ಮಂಜು ಚಿಮ್ಮಿದಾಗ ಮಟ್ಟ ಮುಟ್ಟಿತೆಂದು ನಿಲ್ಲಿಸಿ, ಮತ್ತೆ ಬಿಗಿ ಮಾಡಬೇಕು. ನಮ್ಮವನು ಬಿಗಿ ಮಾಡಿದ್ದ, ಮುಕ್ಕಾಲು ಪಾಲು. ತಂತ್ರಜ್ಞ ಸ್ಕ್ರೂಡ್ರೈವರ್ ಇಟ್ಟು ಕಾಲು ಸುತ್ತು ತಿರುಗಿಸಿದ. “ಸ್ಸ್ಸ್” ನಿಂತಿತು. ಮತ್ತೆ ನೊರೆ ಬಳಿದ, ಗುಳ್ಳೆ ಏಳಲಿಲ್ಲ. ದಿಬ್ಬದ ಮೇಲೆ ನೆರೆದಿದ್ದವರ ಮುಖದಲ್ಲಿ ಸಣ್ಣ ನಿರಾಸೆ ಕಂಡಿತು. ಇಷ್ಟಕ್ಕೇ ಇಷ್ಟೊಂದು ಹೊತ್ತು ನಿಂತಿದ್ದೆವೇ ಎಂಬ ಭಾವ.

ಹೋಗುವ ಮುನ್ನ ಅವನು ಒಳಗಿನ ಅಲಾರಂ ಕಳಚಿ ಬೆನ್ನು ತಿರುಗಿಸಿ ತೋರಿಸಿದ. ಇಂಥವುಗಳ ಆಯುಷ್ಯ ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಅಚ್ಚಾಗಿದ್ದ ತಾರೀಖಿನ ಪ್ರಕಾರ ನಮ್ಮದು, ನಾವು ಈ ವಾಹನ ಕೊಳ್ಳುವ ಮೊದಲೇ ತೀರಿಕೊಂಡಿತ್ತು.

ಮುಂದಿನ ಸಲ ಟ್ಯಾಂಕ್ ತುಂಬಿಸುವಾಗ, ವಾಹನದಿಂದ ಎಲ್ಲರೂ ಇಳಿಯಬೇಕೆಂಬ ನಿಯಮದಂತೆ ನಾವೆಲ್ಲ ಇಳಿದು ದೂರ ನಿಂತೆವು. ತುಂಬಿಸಿ, ಸ್ಕ್ರೂ ತಿರುಗಿಸಿ, ಕೈ ಒರೆಸಿಕೊಳ್ಳುತ್ತಿದ್ದ ಹುಡುಗನ ಎದುರು ಅತ್ತೆ ಸಾಬೂನು ನೀರಿನ ಬಾಟಲಿ ಹಿಡಿದು ಪ್ರತ್ಯಕ್ಷರಾದರು.

“ಏನಮ್ಮಾ ಇದು?”

“ಬಳಿಯಪ್ಪಾ. ನಾನು ನೋಡುತ್ತೇನೆ.”

ಅವನು ನನ್ನತ್ತ ನೋಡಿದ. ನಾನು ಆಕಾಶದತ್ತ ನೋಡಿದೆ. ಹುಡುಗ ಬಾಟಲಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಬಗ್ಗಿ, ಸ್ಕ್ರೂವನ್ನು ಇನ್ನೊಂದಿಷ್ಟು ಬಿಗಿ ಮಾಡಿದ.