ಶುಕ್ರವಾರದ ಸಹಿ

ಪ್ರತಿ ಶುಕ್ರವಾರ ಮಧ್ಯಾಹ್ನದ ಊಟ ಮುಗಿಸಿ ಬಂದ ಕೂಡಲೇ ನಾನು ಒಂದು ಪುಟ ಓದಿ ಸಹಿ ಹಾಕಬೇಕು. ಸ್ಟುಟ್‌ಗಾರ್ಟ್ ಪಕ್ಕದ ಊರಿನ ಒಂದು ಯಂತ್ರ ಕಾರ್ಖಾನೆಯ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮಲ್ಲಿ ಕಸುಬು ಕಲಿಯುತ್ತಿರುವ ಹದಿನೆಂಟರ ಹುಡುಗಿಯೊಬ್ಬಳು ಸೋಮವಾರದಿಂದ ಏನೇನು ಮಾಡಿದಳು ಎಂದು ಆ ಪುಟದಲ್ಲಿ ಬರೆದಿರುತ್ತಾಳೆ. ಇಲ್ಲಿಯವರು ಅದನ್ನು ಬೆರಿಷ್ಟ್ಸ್‌ಹೆಫ್ಟ್ ಅನ್ನುತ್ತಾರೆ, ವರದಿ ಪುಸ್ತಕ. ಮೂರು ವರ್ಷದ ಪುಟಗಳಿಗೂ ಕಲಿಸಿದವರ ಸಹಿ ಇರಬೇಕು, ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ.

ಹೋದ ತಿಂಗಳ ಒಂದು ಪುಟದಲ್ಲಿ ಅವಳು ಬರೆದಿದ್ದಳು: ‘ಗೋದಾಮಿನ ವೈಫೈಗೆ ಎಳೆದ ಕೇಬಲ್ ಕೆಲಸ ಮಾಡಲಿಲ್ಲ. ಟೆಸ್ಟರ್ ಸರಿ ಎಂದಿತು. ತಪ್ಪು ಹುಡುಕಲು ಅರ್ಧ ದಿನ ಹಿಡಿಯಿತು. ಜೋಡಿ ಒಡೆದಿತ್ತು.’

ನೆಟ್‌ವರ್ಕ್ ಕೇಬಲ್ ಸುಲಿದರೆ ಒಳಗೆ ಎಂಟು ತಂತಿ, ಎರಡೆರಡು ಹೆಣೆದುಕೊಂಡ ನಾಲ್ಕು ಜೋಡಿ. ಪ್ಲಗ್ಗಿಗೆ ಕೂರಿಸುವ ಕ್ರಮ ಬೆಂಗಳೂರಿನ ಎಸ್‌.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳ ಹುಡುಗರಿಗೂ ಬಾಯಿಪಾಠ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದರಲ್ಲಿ ಹಸಿರು ಜೋಡಿ ಮಾತ್ರ ಅಗಲಿ 3 ಮತ್ತು 6ನೇ ಜಾಗಕ್ಕೆ ಹೋಗುತ್ತದೆ, ನಡುವಿನ 4 ಮತ್ತು 5ರಲ್ಲಿ ನೀಲಿ ಕೂರುತ್ತದೆ. ಹಳೆಯ ಟೆಲಿಫೋನಿನ ಜೋಡಿ ನಡುವೆಯೇ ಇರುತ್ತಿದ್ದುದರಿಂದ ಉಳಿದುಕೊಂಡು ಬಂದ ಕ್ರಮವಿದು. ನಮ್ಮ ಹುಡುಗಿ ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಜೋಡಿ ಜೋಡಿಯಾಗಿ ಅಚ್ಚುಕಟ್ಟಾಗಿ ಸಾಲಿಗೆ ಕೂರಿಸಿಬಿಟ್ಟಿದ್ದಳು, ಎರಡೂ ತುದಿಗೆ. ಅಗ್ಗದ ಟೆಸ್ಟರ್ ಹಚ್ಚಿದರೆ ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಹೊತ್ತಿಕೊಂಡವು. ಈ ತುದಿಯ ತಂತಿ ಆ ತುದಿಯ ಅದೇ ಜಾಗಕ್ಕೆ ಮುಟ್ಟಿದೆಯೇ ಎಂಬುದಷ್ಟೇ ಅದಕ್ಕೆ ಗೊತ್ತು. 3 ಮತ್ತು 6ರಲ್ಲಿ ಒಟ್ಟಿಗೆ ಹೋಗಬೇಕಾದ ಸಂಕೇತ ಈಗ ಬೇರೆ ಬೇರೆ ಹೆಣಿಗೆಯ ಎರಡು ತಂತಿಗಳಲ್ಲಿ ಹೋಗುತ್ತಿತ್ತು. ಹೆಣಿಗೆ ಇರುವುದೇ ಒಂದು ಜೋಡಿಯ ಸದ್ದು ಇನ್ನೊಂದಕ್ಕೆ ಹಾಯದಿರಲಿ ಎಂದು. ಅದು ತಪ್ಪಿದ ಮೇಲೆ ಸಂಪರ್ಕ ಬರುವುದು, ಬೀಳುವುದು, ಮತ್ತೆ ಬರುವುದು.

ನನಗೆ ಪ್ಲಗ್ಗನ್ನು ಬೆಳಕಿಗೆ ಹಿಡಿದ ಕೂಡಲೇ ಗೊತ್ತಾಯಿತು. ಹೇಳಲಿಲ್ಲ. ಅವಳು ಸ್ವಿಚ್ ಬದಲಿಸಿ ನೋಡಿದಳು (ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ ಅದು), ಅದರ ಪೋರ್ಟ್ ಬದಲಿಸಿದಳು, ಮಧ್ಯಾಹ್ನ ಎರಡು ಗಂಟೆಗೆ ಪ್ಲಗ್ ಕತ್ತರಿಸಿ ತಂತಿ ಬಿಡಿಸಿಕೊಂಡು ಕೂತಳು. ಹಾಗೆ ಅರ್ಧ ದಿನ ಸುಮ್ಮನಿರಲು ನನಗೆ ಅಧಿಕಾರ ಇದೆ ಎಂಬುದೇ ನಾನು ಈ ಬರಹದಲ್ಲಿ ಹೇಳಬೇಕೆಂದಿರುವ ಮಾತು. ಅವಳು ನಮ್ಮಲ್ಲಿಗೆ ಬಂದಿರುವುದು ಕಲಿಯಲಿಕ್ಕೆ. ಆ ಅರ್ಧ ದಿನದ ಸಂಬಳ ಕಾರ್ಖಾನೆಯದು, ಆ ಕೇಬಲ್ಲಿನ ಹೊಣೆ ನನ್ನದು.

ಇದೇ ಕ್ರಮವನ್ನು ನಾನು ಕಲಿತದ್ದು 2008ರಲ್ಲಿ, ರಾಜಾಜಿನಗರದ ಒಂದು ಕೋಚಿಂಗ್ ಸೆಂಟರಿನ ಮೂರನೇ ಮಹಡಿಯಲ್ಲಿ. ತಿಪಟೂರಿನಿಂದ ಡಿಪ್ಲೊಮಾ ಮುಗಿಸಿ ಬಂದಿದ್ದೆ. ಫೀಸಿಗೆ ಅಪ್ಪ ಆ ಸಲದ ಕೊಬ್ಬರಿ ಮಾರಿದ ದುಡ್ಡು ಕೊಟ್ಟಿದ್ದರು. ಬಣ್ಣಗಳ ಸಾಲು ಬಾಯಿಪಾಠವಾಯಿತು. ಹಸಿರು ಯಾಕೆ ಅಗಲಿ ಕೂರುತ್ತದೆ ಎಂದು ಕೇಳಿದ್ದಕ್ಕೆ ‘ಸ್ಟ್ಯಾಂಡರ್ಡ್ ಅಷ್ಟೇ, ಬರ್ಕೊಳಿ’ ಎಂದರು. ಕಲಿಸುತ್ತಿದ್ದವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ನನಗೂ ಮೂರು ವರ್ಷದ ಅಂತರವಷ್ಟೇ. ನಲವತ್ತು ಜನಕ್ಕೆ ಎರಡು ನಿಜವಾದ ರೂಟರ್, ಉಳಿದದ್ದೆಲ್ಲ ನೆಟ್‌ವರ್ಕಿನ ಅನುಕರಣೆ ಮಾಡುವ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶದ ಪರದೆಯ ಮೇಲೆ. ಸಿಸಿಎನ್‌ಎ, ಅಂದರೆ ಸಿಸ್ಕೊ ಕಂಪನಿಯ ನೆಟ್‌ವರ್ಕ್ ಪರೀಕ್ಷೆಗೆ ಒಂದು ತಿಂಗಳಿರುವಾಗ ಡಂಪ್ ಬಂತು. ಸೋರಿಬಂದ ಪ್ರಶ್ನೆಗಳನ್ನು ಉತ್ತರದ ಸಮೇತ ಉರುಹೊಡೆಯುವುದಕ್ಕೆ ನಮ್ಮಲ್ಲಿ ಇವತ್ತಿಗೂ ಅದೇ ಹೆಸರು. ನಾನೂ ಓದಿದೆ, ಪಾಸಾದೆ.

ಆಮೇಲೆ ಬೆಂಗಳೂರಿನ ಒಂದು ಕಂಪನಿಯ ನೆಟ್‌ವರ್ಕ್ ಕೇಂದ್ರದಲ್ಲಿ ನೈಟ್ ಶಿಫ್ಟ್. ಸೇರಿದ ನಾಲ್ಕನೇ ತಿಂಗಳಲ್ಲಿ ಒಂದು ಟಿಕೆಟ್, ಅಂದರೆ ಕೆಲಸದ ಕೋರಿಕೆ, ಬಂತು: ಚೆನ್ನೈ ಶಾಖೆಯ ಸ್ವಿಚ್ಚಿನಲ್ಲಿ ವಿಲ್ಯಾನ್ 30 ಸೇರಿಸಬೇಕು. ವಿಲ್ಯಾನ್ ಅಂದರೆ ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿಟ್ಟ ಒಂದೊಂದು ಜಾಲ. ಎರಡು ಸ್ವಿಚ್ಚುಗಳ ನಡುವಿನ ದಾರಿಯಲ್ಲಿ ಯಾವ ಯಾವ ವಿಲ್ಯಾನ್ ಹಾಯಬಹುದು ಎಂಬ ಪಟ್ಟಿ ಇರುತ್ತದಲ್ಲ, ಅದಕ್ಕೆ 30 ಸೇರಿಸುವ ಆಜ್ಞೆ. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಎಂದು ಹೊಡೆದೆ. ‘ವಿಲ್ಯಾನ್ ಆ್ಯಡ್ 30’ ಎಂದು ಹೊಡೆಯಬೇಕಿತ್ತು. ‘ಆ್ಯಡ್’ ಇಲ್ಲದಿದ್ದರೆ 30 ಪಟ್ಟಿಗೆ ಸೇರುವುದಿಲ್ಲ, ಪಟ್ಟಿಯಲ್ಲಿ 30 ಒಂದೇ ಉಳಿಯುತ್ತದೆ. ಶಾಖೆಯ ಫೋನು, ಬಿಲ್ಲಿಂಗು, ನಾನು ಆ ಸ್ವಿಚ್ಚನ್ನು ಮುಟ್ಟುತ್ತಿದ್ದ ದಾರಿ, ಎಲ್ಲ ಒಂದೇ ಏಟಿಗೆ ಹೋಯಿತು. ಮಾಡಿದ್ದನ್ನು ಅಳಿಸಲು ನನ್ನ ಕೈಗೆ ಸ್ವಿಚ್ಚೇ ಸಿಗಲಿಲ್ಲ. ಚೆನ್ನೈಯಲ್ಲಿ ಯಾರೋ ಎದ್ದು ಸ್ವಿಚ್ಚಿಗೆ ನೇರವಾಗಿ ಚುಚ್ಚುವ ಕನ್ಸೋಲ್ ಕೇಬಲ್ ಹಿಡಿದು ಶಾಖೆಗೆ ಹೋಗುವಷ್ಟರಲ್ಲಿ ಬೆಳಗಿನ ಆರಾಗಿತ್ತು. ಕೋಚಿಂಗಿನ ಪರದೆಯ ಮೇಲೆ ಈ ಆಜ್ಞೆಯನ್ನು ಎಷ್ಟೋ ಸಲ ಹೊಡೆದಿದ್ದೆ. ಅಲ್ಲಿ ತಪ್ಪಾದರೆ ಫೈಲು ಮುಚ್ಚಿ ಮತ್ತೆ ತೆರೆದರಾಯಿತು.

ಆ ರಾತ್ರಿ ನನ್ನ ಪಕ್ಕ ಯಾರೂ ಇರಲಿಲ್ಲ. ಬೆಳಗ್ಗೆ ಬಂದವರು ‘ಯಾರು ಮಾಡಿದ್ದು?’ ಎಂದಷ್ಟೇ ಕೇಳಿದರು. ತಪ್ಪು ಎಲ್ಲಿ ಆಯಿತು ಎಂದು ನಾನೇ ಹುಡುಕಿಕೊಂಡೆ. ಇಂಥ ಕೆಲಸಕ್ಕೆ ಮೊದಲು ‘ರಿಲೋಡ್ ಇನ್ 10’ ಎಂದು ಹೊಡೆದಿಟ್ಟುಕೊಳ್ಳಬೇಕು, ಬದಲಾವಣೆಯನ್ನು ಸೇವ್ ಮಾಡಬಾರದು, ದಾರಿ ಕಡಿದುಹೋದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನಾಗಿ ಮರುಚಾಲೂ ಆಗಿ ಹಳೆಯ ಸ್ಥಿತಿಗೆ ಬರುತ್ತದೆ, ಎಲ್ಲ ಸರಿ ಹೋದರೆ ‘ರಿಲೋಡ್ ಕ್ಯಾನ್ಸಲ್’ ಎಂದರೆ ಮುಗಿಯಿತು. ಇಷ್ಟು ಹೇಳಿಕೊಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಕೊಡುವುದು ಯಾರ ಕೆಲಸ ಎಂದು ಎಲ್ಲೂ ಬರೆದಿರಲಿಲ್ಲ.

ಜರ್ಮನಿಯಲ್ಲಿ ಅದನ್ನು ಬರೆದಿದ್ದಾರೆ. 1969ರ ಕಸುಬು ಶಿಕ್ಷಣ ಕಾಯ್ದೆಯ ಪ್ರಕಾರ, ಕಲಿಯಲು ಬಂದವರಿಗೆ ಕಲಿಕೆಗೆ ಬೇಕಾದ ಕೆಲಸವನ್ನೇ ಕೊಡಬೇಕು, ಉಪಕರಣ ಪುಕ್ಕಟೆ ಕೊಡಬೇಕು, ಶಾಲೆಗೆ ಹೋಗುವ ದಿನಕ್ಕೆ ಸಂಬಳ ಕಡಿಯಬಾರದು. ನಮ್ಮ ಕೆಲಸಕ್ಕೆ ಹೊಂದುವ ಕಸುಬಿನ ಹೆಸರು ಫಾಖ್‌ಇನ್ಫರ್ಮಾಟಿಕರ್, ಅದರಲ್ಲೂ ಸಿಸ್ಟಮ್ ಇಂಟಿಗ್ರೇಷನ್ ವಿಭಾಗ. 1997ರಲ್ಲಿ ಶುರುವಾಯಿತು, 2020ರಲ್ಲಿ ಪಠ್ಯಕ್ರಮ ಬದಲಾಯಿತು. ಮೂರು ವರ್ಷ. ವಾರಕ್ಕೆ ಒಂದೆರಡು ದಿನ, ಇಲ್ಲವೇ ಕೆಲವು ವಾರ ಒಟ್ಟಿಗೆ ಕಸುಬಿನ ಶಾಲೆ, ಉಳಿದದ್ದೆಲ್ಲ ಕೆಲಸದ ಜಾಗದಲ್ಲಿ. ಫೀಸಿಲ್ಲ, ತಿಂಗಳ ಸಂಬಳ ಉಂಟು. ಕಾನೂನಿನ ಕನಿಷ್ಠ ಮೊತ್ತ 2025ರಲ್ಲಿ ಸೇರಿದವರಿಗೆ ಮೊದಲ ವರ್ಷ 682 ಯೂರೊ, ನಮ್ಮಂಥ ಕಾರ್ಖಾನೆಗಳಲ್ಲಿ ಅದಕ್ಕಿಂತ ಹೆಚ್ಚು. ಕಲಿಸುವವರೂ ಪರೀಕ್ಷೆ ಪಾಸಾಗಿರಬೇಕು. ಹದಿನೇಳರ ಹುಡುಗನಿಗೆ ಹೇಗೆ ಹೇಳಿಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಲು ನನ್ನ ಮೂವತ್ತೈದನೇ ವಯಸ್ಸಿನಲ್ಲಿ ಜರ್ಮನ್ ಭಾಷೆಯಲ್ಲಿ ಪರೀಕ್ಷೆ ಬರೆದೆ. ನನ್ನ ಬದುಕಿನಲ್ಲಿ ಇಷ್ಟು ಉಪಯೋಗಕ್ಕೆ ಬಂದ ಪರೀಕ್ಷೆ ಇನ್ನೊಂದಿಲ್ಲ.

ಎರಡು ವರ್ಷದಿಂದ ನಮ್ಮ ಜಿಲ್ಲೆಯ ವಾಣಿಜ್ಯ ಮಂಡಳಿಯ ಪರೀಕ್ಷಾ ಸಮಿತಿಯಲ್ಲೂ ಕೂರುತ್ತಿದ್ದೇನೆ. ಮಾಲೀಕರ ಕಡೆಯವರು, ಕೆಲಸಗಾರರ ಕಡೆಯವರು, ಶಾಲೆಯ ಮೇಷ್ಟರು, ಎಲ್ಲರೂ ಇರುತ್ತೇವೆ, ಯಾರಿಗೂ ಸಂಬಳವಿಲ್ಲ. ಪರೀಕ್ಷೆಗೆ ಬರುವವರು ತಮ್ಮ ಕಂಪನಿಯಲ್ಲೇ ಒಂದು ನಿಜವಾದ ಕೆಲಸ ಮಾಡಿ, ಹೆಚ್ಚೆಂದರೆ 40 ಗಂಟೆಯಲ್ಲಿ ಮುಗಿಸಿ, ಅದರ ಬಗ್ಗೆ ಬರೆದು ತಂದಿರುತ್ತಾರೆ. ಹದಿನೈದು ನಿಮಿಷ ಅವರು ವಿವರಿಸುತ್ತಾರೆ, ಉಳಿದ ಹದಿನೈದು ನಿಮಿಷ ನಾವು ಕೇಳುತ್ತೇವೆ. ನಾನು ತಪ್ಪದೆ ಕೇಳುವ ಪ್ರಶ್ನೆ: ‘ಇದನ್ನೇ ಯಾಕೆ ಆರಿಸಿಕೊಂಡೆ? ಇನ್ನೊಂದನ್ನು ಯಾಕೆ ಬಿಟ್ಟೆ?’ ಕೈಯಾರೆ ಮಾಡಿದವರು ಇದಕ್ಕೆ ತಡವರಿಸುವುದಿಲ್ಲ. ಈ ಪ್ರಶ್ನೆಗೆ ಡಂಪ್ ಸಿಗುವುದಿಲ್ಲ.

ಇಲ್ಲಿ ಎಲ್ಲ ಸರಿ ಇದೆ ಎಂದು ನಾನು ಹೇಳುತ್ತಿಲ್ಲ. ಮೂರು ವರ್ಷವೂ ಪ್ರಿಂಟರಿಗೆ ಟೋನರ್ ಹಾಕಿಸಿ, ಲ್ಯಾಪ್‌ಟಾಪ್ ಹೊರಿಸಿ ಕಳುಹಿಸಿದ ಕಂಪನಿಯ ಮಕ್ಕಳೂ ನನ್ನೆದುರು ಕೂತಿದ್ದಾರೆ, ಅವರ ಮುಖ ನೋಡುವುದು ಕಷ್ಟ. ಪಠ್ಯಕ್ರಮ ಬದಲಾಗಲು ವರ್ಷಗಟ್ಟಲೆ ಹಿಡಿಯುತ್ತದೆ. ಯಾವ ಬಗೆಯ ಶಾಲೆಗೆ ಹೋಗಬೇಕು ಎಂಬುದು ಹತ್ತನೇ ವಯಸ್ಸಿಗೇ ಬಹುಪಾಲು ನಿರ್ಧಾರವಾಗಿ, ಆಮೇಲೆ ಒಳ್ಳೆಯ ಕಂಪನಿಯ ಬಾಗಿಲು ತೆರೆಯುವುದೋ ಇಲ್ಲವೋ ಎಂಬುದಕ್ಕೂ ಅದೇ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಹಾಗಿಲ್ಲ. ಬಿ.ಕಾಂ. ಓದಿದವರು, ಪಿಯುಸಿಗೆ ಬಿಟ್ಟವರು, ಮದುವೆಯಾಗಿ ಐದು ವರ್ಷ ಮನೆಯಲ್ಲಿದ್ದವರು, ಯಾರು ಬೇಕಾದರೂ ಸಿಸಿಎನ್‌ಎ ಪರೀಕ್ಷೆ ಬರೆಯಬಹುದು. ನನ್ನ ಜೊತೆ ಕಲಿತ ಒಬ್ಬರು ಹಗಲು ಆಟೊ ಓಡಿಸಿ ಸಂಜೆ ಕ್ಲಾಸಿಗೆ ಬರುತ್ತಿದ್ದರು, ಈಗ ದೊಡ್ಡ ಡೇಟಾ ಸೆಂಟರಿನಲ್ಲಿದ್ದಾರೆ. ನಮ್ಮ ಹುಡುಗರ ಹಸಿವು ಇಲ್ಲಿಯ ಮಕ್ಕಳಲ್ಲಿ ನನಗೆ ಕಾಣುವುದಿಲ್ಲ. ಐಪಿ ವಿಳಾಸಗಳನ್ನು ಪಾಲು ಮಾಡುವ ಲೆಕ್ಕವನ್ನು ನಮ್ಮವರು ಬಾಯಲ್ಲೇ ಮಾಡುತ್ತಾರೆ, ಇಲ್ಲಿಯವರು ಕಾಗದ ಕೇಳುತ್ತಾರೆ.

ಆದರೆ ಆ ಹಸಿವಿನ ಬೆಲೆಯನ್ನೆಲ್ಲ ಕಲಿಯುವವರೇ ತೆರುತ್ತಿದ್ದಾರೆ. ಕೋಚಿಂಗ್ ಫೀಸು ಅವರದು, 300 ಡಾಲರಿನ ಪರೀಕ್ಷಾ ಶುಲ್ಕ ಅವರದು, ಪಿಜಿಯ ಬಾಡಿಗೆ ಅವರದು. ಕೊನೆಗೆ ‘ಎರಡು ವರ್ಷದ ಅನುಭವ ಇದ್ದರೆ ಬನ್ನಿ’ ಎಂಬ ಮಾತು. ಆ ಅನುಭವವನ್ನು ಕೊಡುವುದು ತನ್ನ ಜವಾಬ್ದಾರಿ ಎಂದು ಯಾವ ಕಂಪನಿಯೂ ಅಂದುಕೊಂಡಿಲ್ಲ. ಸುಳ್ಳು ಅನುಭವ ಪತ್ರದ ವ್ಯಾಪಾರ ಹುಟ್ಟಿದ್ದು ಈ ಸಂದಿಯಲ್ಲಿ. ಹಾಗೆ ಸೇರಿದ ಹುಡುಗನನ್ನು ಮಾತ್ರ ಬೈದು ಸುಮ್ಮನಾಗಲು ನನಗೆ ಮನಸ್ಸು ಬರುವುದಿಲ್ಲ.

ಇಂಥದ್ದೆಲ್ಲ ಜರ್ಮನಿಯವರಿಂದಲೇ ಕಲಿಯಬೇಕೆಂದಿಲ್ಲ. ನಮ್ಮ ದೊಡ್ಡಪ್ಪ ಎಚ್‌ಎಂಟಿಗೆ ಅಪ್ರೆಂಟಿಸ್ ಆಗಿ ಸೇರಿದವರು. ಮೊದಲ ಕೆಲವು ತಿಂಗಳು ಅರ ಹಿಡಿದು ಕಬ್ಬಿಣದ ತುಂಡು ಉಜ್ಜಿದ್ದೇ ಕೆಲಸ. ಮಟ್ಟಗೋಲು ಇಟ್ಟರೆ ಅಡಿಯಲ್ಲಿ ಬೆಳಕು ಹಾಯಬಾರದು, ಹಾಯ್ದರೆ ಮೇಸ್ತ್ರಿ ಇನ್ನೊಂದು ತುಂಡು ಕೊಡುತ್ತಿದ್ದರಂತೆ. ಆ ಮೇಸ್ತ್ರಿಯ ಹೆಸರನ್ನು ಅವರು ಎಂಬತ್ತನೇ ವಯಸ್ಸಿನಲ್ಲೂ ಹೇಳುತ್ತಿದ್ದರು. ನಮ್ಮ ಕಾರ್ಖಾನೆಯ ಲೋಹದ ವಿಭಾಗದಲ್ಲಿ ಹೊಸಬರು ಅದೇ ರೀತಿ ಅರ ಹಿಡಿದು ನಿಂತದ್ದನ್ನು ಮೊದಲ ಸಲ ನೋಡಿದಾಗ ನನಗೆ ದೊಡ್ಡಪ್ಪನೇ ಕಣ್ಣ ಮುಂದೆ ಬಂದರು. ಬೆಂಗಳೂರಿನ ಕೈ ಪಳಗಿದ್ದು ಹೀಗೆ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿಗಳ ಅಪ್ರೆಂಟಿಸ್ ಶಾಲೆಗಳಲ್ಲಿ. ನಮ್ಮ ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ, ಜರ್ಮನಿಯ ಕಾಯ್ದೆಗಿಂತ ಎಂಟು ವರ್ಷ ಮೊದಲು. 2019ರ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಐಟಿಐಗಳಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ದುರಸ್ತಿಯ ಕೋರ್ಸೂ ಇದೆ. ಕಾನೂನು ಇದೆ, ಕಲಿಯುವ ಮಕ್ಕಳಿದ್ದಾರೆ, ಇಷ್ಟೊಂದು ನೆಟ್‌ವರ್ಕ್ ಇರುವ ಊರು ದೇಶದಲ್ಲಿ ಬೇರೆ ಯಾವುದಿದೆ? ಅರ ಹಿಡಿಸಿ ಪಕ್ಕ ನಿಲ್ಲುತ್ತಿದ್ದ ಮೇಸ್ತ್ರಿಯನ್ನು ಸರ್ವರ್ ರೂಮಿಗೆ ಬಂದ ಮೇಲೆ ನಾವು ಬಿಟ್ಟುಬಿಟ್ಟೆವು. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಒಂದೊಂದು ನೆಟ್‌ವರ್ಕ್ ತಂಡವೂ ವರ್ಷಕ್ಕೆ ಇಬ್ಬರನ್ನು ತೆಗೆದುಕೊಳ್ಳಲಿ, ಅವರ ಪಕ್ಕ ನಿಲ್ಲುವ ಒಬ್ಬರ ಹೆಸರು ಕಾಗದದ ಮೇಲೆ ಇರಲಿ, ಆ ಒಬ್ಬರ ಬಡ್ತಿಯಲ್ಲಿ ಈ ಕೆಲಸ ಲೆಕ್ಕಕ್ಕೆ ಬರಲಿ. ಇದಕ್ಕೆ ಹೊಸ ಕಾಯ್ದೆ ಬೇಡ.

ಈಚೆಗೆ ನಮ್ಮ ಕಡೆಯಿಂದ ಜರ್ಮನಿಗೇ ಕಲಿಯಲು ಬರುತ್ತೇವೆ ಎಂದು ಫೋನ್ ಮಾಡುವವರು ಹೆಚ್ಚಾಗಿದ್ದಾರೆ. ಬರಲಿ, ದಾರಿ ಇದೆ. ಆದರೆ ಜರ್ಮನ್ ಭಾಷೆ ದಿನನಿತ್ಯದ ಮಾತುಕತೆಗೆ ಸಾಕಾಗುವ ಬಿ1 ಮಟ್ಟಕ್ಕಾದರೂ ಬಂದಿರಬೇಕು, ಶಾಲೆಯ ಪಾಠ ತಲೆಗೆ ಹತ್ತಲು ಅದೂ ಸಾಲದು. ತರಬೇತಿಗೆ ಶುಲ್ಕವಿಲ್ಲ ಎಂಬುದನ್ನು ನೆನಪಿಡಿ. ಕರಾರು ಪತ್ರ ಕೊಡಿಸುತ್ತೇನೆಂದು ಲಕ್ಷಗಟ್ಟಲೆ ಕೇಳುವವರಿಗೆ ಹೊಲದ ದುಡ್ಡು ಕೊಡಬೇಡಿ.

ಅಕ್ಕನ ಮಗ ಈ ವರ್ಷ ತುಮಕೂರಿನಲ್ಲಿ ಡಿಪ್ಲೊಮಾ ಮುಗಿಸಿದ. ‘ಮಾಮ, ಸಿಸಿಎನ್‌ಎ ಮಾಡ್ಲಾ, ಕ್ಲೌಡ್ ಮಾಡ್ಲಾ?’ ಎಂದು ಕೇಳಿದ. ಸಿಸಿಎನ್‌ಎ ಓದು, ಕೋಚಿಂಗಿಗೆ ಸೇರುವ ಮೊದಲು ಎಲ್ಲಾದರೂ ನಿಜವಾದ ನೆಟ್‌ವರ್ಕ್ ಇರುವ ಕಡೆ ಕೆಲಸಕ್ಕೆ ನಿಲ್ಲು ಎಂದೆ. ಅವನು ತಿಪಟೂರಿನಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಒಬ್ಬರ ಹತ್ತಿರ ಸೇರಿಕೊಂಡಿದ್ದಾನೆ, ಕಂಬ ಹತ್ತಿ ಫೈಬರ್ ಎಳೆಯುವುದರಿಂದ ಹಿಡಿದು ರಾತ್ರಿಯ ಫೋನ್ ಎತ್ತುವವರೆಗೆ ಎಲ್ಲ ಕೆಲಸ. ದಿನಾ ಒಂದು ಪುಟ ಬರೆಯಬೇಕು ಎಂಬುದು ನನ್ನ ಶರತ್ತು. ಭಾನುವಾರ ಫೋಟೊ ತೆಗೆದು ವಾಟ್ಸಾಪ್ ಮಾಡುತ್ತಾನೆ. ಹೋದ ವಾರದ್ದು: ‘ಗಾಂಧಿನಗರದ ಕಡೆ ಹನ್ನೊಂದು ಮನೆಗೆ ನೆಟ್ ಇಲ್ಲ. ಫೈಬರ್ ಕಡಿದಿದೆ ಅಂದ್ಕೊಂಡು ಎರಡು ಕಂಬ ಹತ್ತಿದೆ. ಕಡಿದಿರಲಿಲ್ಲ. ಡಬ್ಬಿಯೊಳಗೆ ಜಾಯಿಂಟ್ ತೀರಾ ಬಗ್ಗಿತ್ತು. ಮೊದಲೇ ಪವರ್ ಮೀಟರ್ ಇಟ್ಟು ಬೆಳಕು ಎಷ್ಟು ಬರ್ತಿದೆ ಅಂತ ನೋಡಬೇಕಿತ್ತು.’

ನಾನು ಆ ಫೋಟೊವನ್ನು ಪ್ರಿಂಟ್ ಮಾಡಿ, ಮೂಲೆಯಲ್ಲಿ ಸಹಿ ಹಾಕಿ, ಮತ್ತೆ ಫೋಟೊ ತೆಗೆದು ಕಳಿಸಿದೆ. ಕೆಳಗೆ ಒಂದು ಪ್ರಶ್ನೆ ಬರೆದೆ: ಬಗ್ಗಿದರೆ ಬೆಳಕು ಎಲ್ಲಿಗೆ ಹೋಗುತ್ತದೆ? ಬುಧವಾರದೊಳಗೆ ಉತ್ತರ ಬರೆಯುತ್ತೇನೆ ಎಂದಿದ್ದಾನೆ.