ಸಂಘದ ಸಾಲಕ್ಕೆ ಷೇರುದಾರರ ದುಡ್ಡು ಬೇಕೆ?

ಹಾಕಿದ ದುಡ್ಡಿಗೆ ಲಾಭವೂ ಬರಬೇಕು, ಸಮಾಜಕ್ಕೆ ಒಳ್ಳೆಯದೂ ಆಗಬೇಕು ಎನ್ನುವ ‘ಇಂಪ್ಯಾಕ್ಟ್’ ಹೂಡಿಕೆದಾರರಿಗೆ ನಮ್ಮ ದೇಶದಲ್ಲಿ ಬಲು ಬೇಗ ಹಿಡಿಸಿದ ಕ್ಷೇತ್ರ ಮೈಕ್ರೋಫೈನಾನ್ಸ್, ಅಂದರೆ ಬಡ ಹೆಂಗಸರ ಗುಂಪುಗಳಿಗೆ ಅಡಮಾನವಿಲ್ಲದೆ ಕೊಡುವ ಸಣ್ಣ ‘ಸಂಘದ ಸಾಲ’. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿದಾಗ ಮಾತೆಲ್ಲ ನಡೆದದ್ದು ಮನೆ ಬಾಗಿಲಿಗೆ ಬರುವ ವಸೂಲಿಗಾರರ ಬಗ್ಗೆ. ಅಂಥ ಕಂಪನಿಗಳಿಗೆ ಬಂಡವಾಳ ಹಾಕುವವರ ಬಗ್ಗೆ ಇಲ್ಲಿ ಎರಡು ವಾದ.

ಪರ: ನಷ್ಟ ಹೊರುವವರು ಯಾರು?

ಸಣ್ಣ ಸಾಲ ದುಬಾರಿಯಾಗುವುದು ಓಡಾಟದಿಂದ. 40,000 ರೂಪಾಯಿ ಸಾಲಕ್ಕೆ ಫೀಲ್ಡ್ ಆಫೀಸರ್ ಮನೆ ನೋಡಬೇಕು, ಒಬ್ಬರಿಗೊಬ್ಬರು ಜಾಮೀನಾಗುವ ಗುಂಪು ಕಟ್ಟಿಸಬೇಕು, ಯಾರಿಗೆ ಎಲ್ಲೆಲ್ಲಿ ಸಾಲವಿದೆ ಎಂದು ದಾಖಲಿಸುವ ಕ್ರೆಡಿಟ್ ಬ್ಯೂರೋದ ವರದಿ ತೆಗೆಸಬೇಕು, ಆಮೇಲೆ ಪ್ರತಿ ಕಂತಿಗೂ ಗುಂಪಿನವರು ಸೇರುವ ಸೆಂಟರ್ ಮೀಟಿಂಗಿಗೆ ಬೈಕ್ ಹತ್ತಬೇಕು. 40 ಲಕ್ಷದ ಗೃಹಸಾಲಕ್ಕೂ ಇಷ್ಟು ತಿರುಗಾಟ ಇರುವುದಿಲ್ಲ. ಹಾಗಾಗಿ ಬಡ್ಡಿ ಶೇ. 24ರ ಆಸುಪಾಸಿಗೆ ಹೋಗುತ್ತದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ. ಇಳಿಯುವ ಅಸಲಿನ ಮೇಲೆ ಶೇ. 24ರಂತೆ, 24 ತಿಂಗಳಿಗೆ, 40,000ಕ್ಕೆ ಬರುವ ಕಂತು ಸುಮಾರು 2,115 ರೂಪಾಯಿ. ಎರಡು ವರ್ಷಕ್ಕೆ ಒಟ್ಟು ಬಡ್ಡಿ 10,750ರಷ್ಟು. ಅದೇ ಹಣವನ್ನು ಊರಿನ ಬಡ್ಡಿಯವರಿಂದ ನೂರಕ್ಕೆ ಐದರಂತೆ ತಂದರೆ ತಿಂಗಳಿಗೆ 2,000 ಬರೀ ಬಡ್ಡಿಗೇ ಹೋಗುತ್ತದೆ. ಎರಡು ವರ್ಷ ಕಟ್ಟಿದ ಮೇಲೂ ಅಸಲು ಹಾಗೇ ಕೂತಿರುತ್ತದೆ.

ಈ ಸಾಲವನ್ನು ಹಳ್ಳಿಗಳಿಗೆ ಮುಟ್ಟಿಸಲು ದುಡ್ಡು ಎಲ್ಲಿಂದ ಬರಬೇಕು? ಬಹುಪಾಲು ಬ್ಯಾಂಕುಗಳಿಂದ. ಆದರೆ ಮೈಕ್ರೋಫೈನಾನ್ಸ್ ಕಂಪನಿಗೆ ಕೊಡುವ ಸಾಲದ ಎದುರು ಶೇ. 15ರಷ್ಟು ಸ್ವಂತ ಬಂಡವಾಳ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಸ್ಥೂಲವಾಗಿ ಹೇಳುವುದಾದರೆ 1,000 ಕೋಟಿ ಸಾಲ ಹಂಚಬೇಕಾದರೆ 150 ಕೋಟಿ ಬಂಡವಾಳ ಬೇಕು. ನಿಯಮ ಸುಮ್ಮನೆ ಮಾಡಿದ್ದಲ್ಲ. ಮಳೆ ಕೈಕೊಟ್ಟು ನೂರರಲ್ಲಿ ಐದು ರೂಪಾಯಿ ಮುಳುಗಿತು ಎನ್ನಿ. ಆ ಐದು ಹೋಗುವುದು ಈ ಹದಿನೈದರಲ್ಲಿ. ಉಳಿದ ಹತ್ತನ್ನು ನೋಡಿ ಬ್ಯಾಂಕು ಹೊಸ ಸಾಲ ನಿಲ್ಲಿಸುತ್ತದೆ; ಮಾರನೆಯ ತಿಂಗಳು ಕಂತು ಸರಿಯಾಗಿ ಕಟ್ಟಿದ ಹೆಂಗಸಿಗೂ ಮರುಸಾಲ ಸಿಗುವುದಿಲ್ಲ. ದಾನಿಗಳು ಒಂದು ಯೋಜನೆಗೆ, ಒಂದೆರಡು ವರ್ಷಕ್ಕೆ ಕೊಡುತ್ತಾರೆ. ಟ್ರಸ್ಟು, ಸೊಸೈಟಿಗಳು ಷೇರು ಮಾರುವಂತಿಲ್ಲ. ಈ 150 ಕೋಟಿ ಹಾಕಿ, ಮುಳುಗಿದರೆ ಮೊದಲು ನನ್ನದೇ ಮುಳುಗಲಿ ಎನ್ನಲು ಷೇರುದಾರನೇ ಬರಬೇಕು.

ಬೆಂಗಳೂರಿನ ಚರಿತ್ರೆಯೇ ಸಾಕ್ಷಿ. 1999ರಲ್ಲಿ ಆವಲಹಳ್ಳಿಯಲ್ಲಿ ಒಂದು ಟ್ರಸ್ಟಿನ ಸಣ್ಣ ಸಾಲದ ಯೋಜನೆಯಾಗಿ ಶುರುವಾದ ಗ್ರಾಮೀಣ ಕೂಟ ಕಂಪನಿಯಾಗಿ, ಹೊರದೇಶದ ಬಂಡವಾಳ ಪಡೆದು, 2018ರಲ್ಲಿ ಕ್ರೆಡಿಟ್ ಆಕ್ಸೆಸ್ ಗ್ರಾಮೀಣ್ ಹೆಸರಿನಲ್ಲಿ ಷೇರುಪೇಟೆಗೆ ಬಂತು. 2005ರಲ್ಲಿ ಹುಟ್ಟಿದ ಇನ್ನೊಂದು ಮೈಕ್ರೋಫೈನಾನ್ಸ್ ಕಂಪನಿ ಉಜ್ಜೀವನ್ 2017ರಲ್ಲಿ ಬ್ಯಾಂಕೇ ಆಯಿತು. ಬ್ಯಾಂಕಾದರೆ ಠೇವಣಿ ಪಡೆಯಬಹುದು, ದುಡ್ಡು ತರುವ ಖರ್ಚು ಇಳಿಯುತ್ತದೆ. ರಿಸರ್ವ್ ಬ್ಯಾಂಕ್ 2015ರಲ್ಲಿ ಸಣ್ಣ ಹಣಕಾಸು ಬ್ಯಾಂಕಿಗೆ ತಾತ್ವಿಕ ಒಪ್ಪಿಗೆ ಕೊಟ್ಟ 10 ಅರ್ಜಿದಾರರಲ್ಲಿ 8 ಮೈಕ್ರೋಫೈನಾನ್ಸ್ ಕಂಪನಿಗಳು. ಚಂದಾ ಎತ್ತಿ ಬ್ಯಾಂಕು ಕಟ್ಟಲಾಗದು.

ಎದುರು ವಾದ ಆಂಧ್ರದ 2010ರ ಬಿಕ್ಕಟ್ಟಿನ (ಆತ್ಮಹತ್ಯೆಗಳ ಸುದ್ದಿಯ ನಡುವೆ ಸರ್ಕಾರ ಸುಗ್ರೀವಾಜ್ಞೆ ತಂದು, ಸಾಲ ನಿಂತುಹೋದದ್ದು) ಮಾತೆತ್ತುವುದು ಖಂಡಿತ. ಅಲ್ಲಿ ನಡೆದದ್ದನ್ನು ಸಮರ್ಥಿಸುವವರು ಯಾರೂ ಇಲ್ಲ. ಒಬ್ಬಳಿಗೆ ಎಷ್ಟು ಕಡೆ ಸಾಲವಿದೆ ಎಂದು ನೋಡಿ ಕೊಡುವ ಪದ್ಧತಿಯೇ ಆಗ ಬೇರೂರಿರಲಿಲ್ಲ. ಆದರೆ ಸಾಲ ನಿಂತಮೇಲೆ ಏನಾಯಿತು ಎಂಬುದನ್ನೂ ನೋಡಬೇಕಲ್ಲ? ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ ಎಂಬ ಅರ್ಥಶಾಸ್ತ್ರಜ್ಞೆಯರು ಅದನ್ನೇ ಅಳೆದರು. ಆಂಧ್ರದ ಹೊಡೆತಕ್ಕೆ ಸಿಕ್ಕ ಕಂಪನಿಗಳು ಬೇರೆ ರಾಜ್ಯಗಳಲ್ಲೂ ಸಾಲ ಕಡಿತ ಮಾಡಿದವು. ಅಂಥ ಜಿಲ್ಲೆಗಳಲ್ಲಿ ದಿನಗೂಲಿ ಇಳಿಯಿತು, ಮನೆಖರ್ಚು ಇಳಿಯಿತು. ಸಾಲವನ್ನೇ ಮಾಡದ ಕೂಲಿಯವರ ಹೊಟ್ಟೆಗೂ ಏಟು ಬಿತ್ತು.

ವಿರೋಧ: ಬರುವಾಗಲೇ ಹೊರಡುವ ದಿನ ಗೊತ್ತು

ಶೇ. 15ರ ಲೆಕ್ಕದಲ್ಲಿ ತಕರಾರಿಲ್ಲ. ತಕರಾರು ಇರುವುದು ಆ ಹದಿನೈದು ಎಂಥ ದುಡ್ಡು ಎಂಬುದರಲ್ಲಿ.

ಹೂಡಿಕೆದಾರರ ದುಡ್ಡು ಒಟ್ಟುಮಾಡಿ ಕಂಪನಿಗಳ ಷೇರು ಕೊಳ್ಳುವ ಖಾಸಗಿ ಫಂಡಿನ ಆಯುಷ್ಯ ಸಾಮಾನ್ಯವಾಗಿ ಹತ್ತು ವರ್ಷ. ಮೊದಲರ್ಧ ಹೂಡಲು, ಉಳಿದದ್ದು ಷೇರು ಮಾರಿ ಹೊರಬೀಳಲು. ವರ್ಷಕ್ಕೆ ಶೇ. 20ರ ಲಾಭ ಬೇಕೆಂದರೆ ಐದು ವರ್ಷದಲ್ಲಿ ಷೇರಿನ ಬೆಲೆ ಎರಡೂವರೆ ಪಟ್ಟಾಗಬೇಕು. ಅದಕ್ಕೆ ಹಂಚಿದ ಸಾಲದ ಮೊತ್ತ ಬೆಳೆಯಬೇಕು. ಹೊಸ ತಾಲ್ಲೂಕಿಗೆ ಹೋಗಿ ಶಾಖೆ ತೆರೆದು ಜನರನ್ನು ಪರಿಚಯ ಮಾಡಿಕೊಳ್ಳಲು ಪುರುಸೊತ್ತು ಬೇಕು. ಇನ್ನೊಂದು ಕಂಪನಿ ಈಗಾಗಲೇ ಗುಂಪು ಕಟ್ಟಿಟ್ಟ ಬೀದಿಗೆ ನುಗ್ಗುವುದು ಸಲೀಸು. ಅವಸರವಿದ್ದವರು ಆರಿಸುವ ದಾರಿ ಎರಡನೆಯದು.

ಶಾಖೆಯಲ್ಲಿ ಇದು ಹೀಗೆ ಕಾಣಿಸಿಕೊಳ್ಳುತ್ತದೆ. ಟಾರ್ಗೆಟ್ ಏರುತ್ತದೆ. ದಿನಗಟ್ಟಲೆ ಕೊಡಬೇಕಾದ ಗುಂಪಿನ ತರಬೇತಿ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಒಬ್ಬರನ್ನೊಬ್ಬರು ಅರಿಯದವರು ಪರಸ್ಪರ ಜಾಮೀನಿಗೆ ಸಹಿ ಹಾಕುತ್ತಾರೆ. ಒಬ್ಬಳ ಹೆಸರಿನಲ್ಲಿ ಎತ್ತಿದ ಸಾಲ ಇನ್ನೊಬ್ಬಳ ಮನೆ ಸೇರುತ್ತದೆ. ಅರ್ಜಿಯಲ್ಲಿ ಬರೆಯುವ ಕುಟುಂಬದ ಆದಾಯವಂತೂ ಸಾಲಕ್ಕೆ ತಕ್ಕಂತೆ ಹಿಗ್ಗುತ್ತದೆ. ಕೂಲಿಗೆ ಸಂಬಳದ ಚೀಟಿ ಎಲ್ಲಿದೆ?

2022ರ ರಿಸರ್ವ್ ಬ್ಯಾಂಕ್ ನಿಯಮದಂತೆ ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಈ ಸಾಲ, ಎಲ್ಲ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಪರ ವಾದದ ಕಂತನ್ನೇ ಇಟ್ಟುಕೊಳ್ಳೋಣ. ತಿಂಗಳಿಗೆ 20,000 ಆದಾಯ ಎಂದು ಬರೆದರೆ ಮಿತಿ 10,000. ಅಂದರೆ 2,115ರ ಕಂತಿನ ನಾಲ್ಕು ಸಾಲ ನಿಯಮದೊಳಗೇ ಕೂರುತ್ತವೆ! ಚೀಟಿ ವ್ಯವಹಾರ, ಕೈಸಾಲ ಕ್ರೆಡಿಟ್ ಬ್ಯೂರೋ ವರದಿಯಲ್ಲಿ ಕಾಣುವುದೇ ಇಲ್ಲ. ಬ್ಯೂರೋ ಬಂದಮೇಲೆ ಎಲ್ಲ ಸರಿಹೋಯಿತು ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಲಿ.

‘ಇಂಪ್ಯಾಕ್ಟ್’ ಎಂಬ ಹಣೆಪಟ್ಟಿ ಇದನ್ನು ತಡೆಯಿತೆ? ಎಸ್‌ಕೆಎಸ್ ಎಂಬ ಮೈಕ್ರೋಫೈನಾನ್ಸ್ ಕಂಪನಿ ಹುಟ್ಟಿದ್ದು ಸೇವಾಸಂಸ್ಥೆಯಾಗಿ. 2010ರ ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ 985 ರೂಪಾಯಿಗೊಂದು ಷೇರು ಮಾರಿ ಸುಮಾರು 1,650 ಕೋಟಿ ಎತ್ತಿತು. ಅದೇ ಅಕ್ಟೋಬರಿನಲ್ಲಿ, ಆತ್ಮಹತ್ಯೆಗಳ ಸುದ್ದಿಯ ನಡುವೆ, ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಹಳೆಯ ಕತೆ ಎನ್ನುವುದಾದರೆ 2024ರ ಅಕ್ಟೋಬರ್ ನೋಡಿ. ಅತಿಯಾದ ಬಡ್ಡಿ ಮತ್ತಿತರ ಕಾರಣಕ್ಕೆ ಹೊಸ ಸಾಲ ಕೊಡದಂತೆ ರಿಸರ್ವ್ ಬ್ಯಾಂಕ್ ನಾಲ್ಕು ಕಂಪನಿಗಳನ್ನು ತಡೆಯಿತು. ಅವುಗಳಲ್ಲಿ ಒಂದಾದ ಆರೋಹಣ್, ದೇಶದ ಮೊದಲ ಇಂಪ್ಯಾಕ್ಟ್ ಹೂಡಿಕೆದಾರರ ಸಾಲಿನಲ್ಲಿ ನಿಲ್ಲುವ ಆವಿಷ್ಕಾರ್ ಬಳಗದ್ದು. 2025ರ ಜನವರಿಯಲ್ಲಿ ಅದರ ಮೇಲಿನ ನಿರ್ಬಂಧ ತೆರವಾಯಿತು ಎಂಬುದನ್ನೂ ಹೇಳಬೇಕು.

ಇನ್ನು ಸಾಮಾಜಿಕ ಲಾಭ. ಹೈದರಾಬಾದಿನ 104 ಬಡಾವಣೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಅರ್ಧದಲ್ಲಿ ಮೈಕ್ರೋಫೈನಾನ್ಸ್ ಶಾಖೆ ತೆರೆಸಿ, ಅರ್ಧದಲ್ಲಿ ತೆರೆಸದೆ ಹೋಲಿಸಿದರು. ಸಣ್ಣ ವ್ಯಾಪಾರಕ್ಕೆ ಹಾಕುವ ದುಡ್ಡು ಹೆಚ್ಚಿತು. ಆರೋಗ್ಯ, ಮಕ್ಕಳ ಓದು, ಮನೆಯಲ್ಲಿ ಹೆಂಗಸರ ಮಾತಿನ ತೂಕ, ಇವುಗಳಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಹೀಗಿದ್ದೂ ಹೂಡಿಕೆದಾರರ ವರದಿಯಲ್ಲಿ ಸಾಮಾಜಿಕ ಸಾಧನೆ ಎಂದು ಅಚ್ಚಾಗುವುದು ಸಾಲ ಪಡೆದವರ ಸಂಖ್ಯೆ ಮತ್ತು ಶೇ. 99ರ ಮರುಪಾವತಿ. ಅದೇ ಅಂಕಿ ಹಣದ ಲಾಭಕ್ಕೂ ಅಳತೆಗೋಲು! ಆ 99ರಲ್ಲಿ ಎಷ್ಟು ಪಾಲು ನೆರೆಯವಳ ತಾಳಿ ಅಡವಿಟ್ಟು ತುಂಬಿದ್ದು ಎಂಬುದು ಯಾವ ಪುಟದಲ್ಲೂ ಇರುವುದಿಲ್ಲ.

ಬೇರೆ ದಾರಿ ಇಲ್ಲವೆ ಅಂದರೆ, ಇದೆ. ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಗುಂಪುಗಳೊಂದಿಗೆ ಶುರುಮಾಡಿದ ಸ್ವಸಹಾಯ ಸಂಘ–ಬ್ಯಾಂಕ್ ಜೋಡಣೆಗೆ ಅಡಿಪಾಯ ಹಾಕಿದವರಲ್ಲಿ ಕರ್ನಾಟಕದ ಸ್ವಯಂಸೇವಾ ಸಂಸ್ಥೆ ಮೈರಾಡಾ ಒಂದು. ಅಲ್ಲಿ ಮೊದಲ ಬಂಡವಾಳ ಸದಸ್ಯೆಯರ ಉಳಿತಾಯ. ಒಳಸಾಲದ ಬಡ್ಡಿ ಸಂಘದಲ್ಲೇ ಉಳಿಯುತ್ತದೆ. ಬೆಳವಣಿಗೆ ನಿಧಾನ, ಲೆಕ್ಕದ ಪುಸ್ತಕ ಬರೆಯುವವರು ಸಿಗುವುದಿಲ್ಲ, ಬ್ಯಾಂಕ್ ಮ್ಯಾನೇಜರು ನಾಳೆ ಬನ್ನಿ ಎನ್ನುತ್ತಾರೆ. ಒಪ್ಪಿದೆ. ಆ ನಿಧಾನದಲ್ಲಿ ಒಂದೇ ಮನೆಗೆ ನಾಲ್ಕು ಸಾಲ ತುರುಕುವ ಆತುರವೂ ಇರುವುದಿಲ್ಲ.

ಕರ್ನಾಟಕದ 2025ರ ಸುಗ್ರೀವಾಜ್ಞೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತು. ಅದರ ಕಣ್ಣು ಇದ್ದದ್ದು ಮುಖ್ಯವಾಗಿ ನೋಂದಣಿಯಿಲ್ಲದೆ ಸಾಲ ಕೊಡುವವರ ಮೇಲೆ. ಕಂಪನಿಗೂ ಹೂಡಿಕೆದಾರರಿಗೂ ಆಗುವ ಷೇರುದಾರರ ಒಪ್ಪಂದದ ತನಕ ಅದು ಹೋಗಲಿಲ್ಲ. ಖಾಸಗಿ ದುಡ್ಡು ಬೇಕೇ ಬೇಕು ಎನ್ನುವವರು ಆ ಒಪ್ಪಂದವನ್ನು ತೆರೆಯಲಿ. ಷೇರು ಮಾರಿ ಹೋಗಲು ಗಡುವು ಇರಕೂಡದು. ಫೀಲ್ಡ್ ಆಫೀಸರನ ಇನ್ಸೆಂಟಿವ್ ಹಂಚಿದ ಮೊತ್ತಕ್ಕೆ ಅಂಟಿಕೊಂಡಿರಕೂಡದು. ಕಟ್ಟಲಾಗದವಳ ಕಂತನ್ನು ಗುಂಪಿನ ಉಳಿದವರು ತುಂಬಿದ್ದರೆ ಅದನ್ನು ವಸೂಲಾಯಿತು ಎಂದು ಬರೆದು ಮುಗಿಸದೆ, ಬೇರೆ ಕಾಲಂನಲ್ಲಿ ತಿಂಗಳು ತಿಂಗಳೂ ತೋರಿಸಬೇಕು.